ಕಂಚಿನ ಪಂದ್ಯಗಳ ಚರಿತ್ರೆ: ಭಾರತೀಯ ಹಾಕಿ ಮತ್ತು ಕೇರಳದ ಗೋಲ್‌ಕೀಪರ್‌ಗಳು

ಭಾರತದ ಪುರುಷರ ಹಾಕಿ ತಂಡವು ಒಲಿಂಪಿಕ್ಸ್‌ನಲ್ಲಿ ಇದುವರೆಗೆ 8 ಚಿನ್ನ, 1 ಬೆಳ್ಳಿ ಮತ್ತು 4 ಕಂಚಿನ ಪದಕಗಳನ್ನು ಗೆದ್ದಿದೆ. ಚಿನ್ನದ ಪದಕಗಳ ಕಥೆಯನ್ನು ಧ್ಯಾನ್‌ಚಂದ್, ಬಲ್‌ಬೀರ್ ಸಿಂಗ್ ಮೊದಲಾದ ಗೋಲು ಹೊಡೆದವರ ಹೆಸರಿನಲ್ಲಿ ಹೇಳುವುದು ವಾಡಿಕೆಯಾದರೆ, ಕಂಚಿನ ಪದಕಗಳ ಕಥೆಯನ್ನು ಗೋಲು ತಡೆದವರ ಕಡೆಯಿಂದ ಹೇಳುವುದೇ ಹೆಚ್ಚು ನ್ಯಾಯವಾದುದು. 1968ರ ಮೆಕ್ಸಿಕೋ, 1972ರ ಮ್ಯೂನಿಕ್, 2021ರಲ್ಲಿ ನಡೆದ ಟೋಕಿಯೊ ಮತ್ತು 2024ರ ಪ್ಯಾರಿಸ್ ಕ್ರೀಡಾಕೂಟಗಳಲ್ಲಿ ಬಂದ ಈ ನಾಲ್ಕು ಕಂಚುಗಳ ಪೈಕಿ ಮೂರರಲ್ಲಿ ತಂಡದ ಗೋಲ್‌ಕೀಪರ್ ಕೇರಳದವರಾಗಿದ್ದರು. ಹಾಕಿಗೆ ಹೆಸರಾದ ಪಂಜಾಬ್, ಒಡಿಶಾ ಅಥವಾ ಕೊಡಗಿನ ವಿಷಯದಲ್ಲಿ ಇಂಥ ಮಾತು ಅಚ್ಚರಿ ಹುಟ್ಟಿಸುವುದಿಲ್ಲ. ಕಾಲ್ಚೆಂಡು ಮತ್ತು ವಾಲಿಬಾಲ್‌ಗಳಿಗೆ ಮನಸೋತ ಕೇರಳದ ವಿಷಯದಲ್ಲಿ ಅದು ವಿವರಣೆಯನ್ನು ಬೇಡುತ್ತದೆ.

ಕಂಚಿನ ಪದಕದ ಪಂದ್ಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಒಲಿಂಪಿಕ್ ಹಾಕಿಯಲ್ಲಿ ಗುಂಪು ಹಂತ ಮುಗಿದ ಮೇಲೆ ಆರಂಭವಾಗುವ ನಾಕೌಟ್ ಹಂತದಲ್ಲಿ, ಅಂದರೆ ಸೋತವರು ಹೊರನಡೆಯುವ ಪಂದ್ಯಗಳಲ್ಲಿ, ಎಂಟರ ಘಟ್ಟದಲ್ಲಿ ಸೋತ ತಂಡಗಳ ಪಯಣ ಅಲ್ಲಿಗೇ ಮುಗಿಯುತ್ತದೆ. ಸೆಮಿಫೈನಲ್‌ನಲ್ಲಿ ಸೋತ ಎರಡು ತಂಡಗಳಿಗೆ ಮಾತ್ರ ಆ ಬಿಡುಗಡೆ ಇಲ್ಲ. ಚಿನ್ನದ ಆಸೆ ಕೈತಪ್ಪಿದ ಎರಡೇ ದಿನಗಳಲ್ಲಿ ಅವು ಮತ್ತೆ ಕಣಕ್ಕಿಳಿಯಬೇಕು. ಗೆದ್ದರೆ ಪದಕ, ಸೋತರೆ ಬರಿಗೈ. ಎರಡೂ ಬದಿಯವರು ಸೋಲಿನ ಭಾರ ಹೊತ್ತೇ ಆಡುವ ಪಂದ್ಯ ಇದೊಂದೇ ಆದ್ದರಿಂದ ಇದನ್ನು ಫೈನಲ್‌ಗಿಂತ ಕಠಿಣವೆಂದು ಕರೆದರೆ ಅತಿಶಯೋಕ್ತಿಯಾಗದು. 1980ರ ನಂತರ ಭಾರತೀಯ ಹಾಕಿ ಪುನಃ ತಲೆಯೆತ್ತಿದ್ದು ಇಂಥ ಪಂದ್ಯಗಳ ಮೂಲಕವೇ.

ಆದರೆ ಅದೇ ಪದಕದ ಬೆಲೆ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. 1928ರಿಂದ 1964ರವರೆಗೆ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಚಿನ್ನವನ್ನೋ ಬೆಳ್ಳಿಯನ್ನೋ ತಂದಿದ್ದ ತಂಡ 1968ರಲ್ಲಿ ಆಸ್ಟ್ರೇಲಿಯಾಕ್ಕೆ ಸೆಮಿಫೈನಲ್‌ನಲ್ಲಿ ಮಣಿದು, ಪಶ್ಚಿಮ ಜರ್ಮನಿಯನ್ನು ಸೋಲಿಸಿ ಕಂಚು ತಂದಾಗ, ದೇಶ ಅದನ್ನು ಗೆಲುವೆಂದು ಎಣಿಸದೆ ಅವನತಿಯೆಂದೇ ಎಣಿಸಿತು. ನಾಲ್ಕು ವರ್ಷಗಳ ನಂತರ ಮ್ಯೂನಿಕ್‌ನಲ್ಲಿ, ಇಸ್ರೇಲಿ ಕ್ರೀಡಾಪಟುಗಳ ಹತ್ಯೆಯ ಕರಿನೆರಳು ಕವಿದಿದ್ದ ಕೊನೆಯ ದಿನಗಳಲ್ಲಿ, ಭಾರತವು ಸೆಮಿಫೈನಲ್‌ನಲ್ಲಿ ಪಾಕಿಸ್ತಾನಕ್ಕೆ 0–2ರಿಂದ ಸೋತು, ಸೆಪ್ಟೆಂಬರ್ 10ರಂದು ನೆದರ್ಲೆಂಡ್ಸ್ ತಂಡವನ್ನು 2–1ರಿಂದ ಸೋಲಿಸಿತು. ಆ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು, ಗೋಲ್‌ಕೀಪರ್‌ಗಳ ಪೈಕಿ ಒಬ್ಬರು ಕಣ್ಣೂರಿನ ದಂಡುಪ್ರದೇಶವಾದ ಬರ್ಣಶ್ಶೇರಿಯಲ್ಲಿ ಹುಟ್ಟಿದ ಮ್ಯಾನುಯೆಲ್ ಫ್ರೆಡರಿಕ್. ಕೊಡಗಿನ ಘಟ್ಟವಿಳಿದರೆ ಸಿಗುವುದು ಕಣ್ಣೂರು ಜಿಲ್ಲೆಯೇ. ಘಟ್ಟದ ಮೇಲೂ ಕೆಳಗೂ ಹಾಕಿಯನ್ನು ಪೋಷಿಸಿದ್ದು ಬಹುಮಟ್ಟಿಗೆ ಸೈನ್ಯವೆಂಬುದನ್ನು ನೆನೆದರೆ ಈ ನೆರೆಹೊರೆ ಆಕಸ್ಮಿಕವೆನಿಸುವುದಿಲ್ಲ. ಫ್ರೆಡರಿಕ್ ಸೇನೆ ಸೇರಿ ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್ ತಂಡದಲ್ಲಿ ಬೆಳೆದರು, ಮುಂದೆ ಬೆಂಗಳೂರಿನಲ್ಲೇ ನೆಲೆಸಿದರು.

ಫ್ರೆಡರಿಕ್ ಆಡಿದ್ದು ಹುಲ್ಲಿನ ಮೈದಾನಗಳ ಕಾಲ. ಇಂದಿನ ಗೋಲ್‌ಕೀಪರ್ ಧರಿಸುವ ಶಿರಸ್ತ್ರಾಣ, ಎದೆಗವಚ, ಹಗುರವಾದ ದಪ್ಪ ಪ್ಯಾಡುಗಳು ಆಗ ಇರಲಿಲ್ಲ. ಬರಿಯ ತಲೆಯಲ್ಲಿ, ಗಟ್ಟಿ ಚೆಂಡಿನೆದುರು, 3.66 ಮೀಟರ್ ಅಗಲ ಮತ್ತು 2.14 ಮೀಟರ್ ಎತ್ತರದ ಗೋಲನ್ನು ಕಾಯಬೇಕಿತ್ತು. ಕೇರಳದಲ್ಲಿ ಹುಟ್ಟಿ ಒಲಿಂಪಿಕ್ ಪದಕ ಗೆದ್ದವರಲ್ಲಿ ಅವರೇ ಮೊದಲಿಗರು. ಹಾಗಿದ್ದೂ ದೇಶ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಕೊಟ್ಟು ಗೌರವಿಸಿದ್ದು 2019ರಲ್ಲಿ, ಪದಕ ಬಂದ 47 ವರ್ಷಗಳ ನಂತರ. ಈ ವಿಳಂಬಕ್ಕೆ ಒಬ್ಬ ಆಟಗಾರನ ದುರದೃಷ್ಟವಷ್ಟೇ ಕಾರಣವಲ್ಲ. ಚಿನ್ನಕ್ಕೆ ಒಗ್ಗಿಹೋಗಿದ್ದ ಆ ಪೀಳಿಗೆಗೆ ಕಂಚಿನ ಪಂದ್ಯವನ್ನು ಗೆದ್ದವರನ್ನು ಕೊಂಡಾಡುವ ಭಾಷೆಯೇ ಇರಲಿಲ್ಲ.

1976ರಲ್ಲಿ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದು ಭಾರತ ಏಳನೆಯ ಸ್ಥಾನಕ್ಕಿಳಿಯಿತು. 1980ರ ಮಾಸ್ಕೋದಲ್ಲಿ ಹಲವು ಪ್ರಬಲ ರಾಷ್ಟ್ರಗಳ ಗೈರುಹಾಜರಿಯಲ್ಲಿ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4–3ರಿಂದ ಗೆದ್ದು ಚಿನ್ನ ಬಂತು, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಅಲ್ಲಿಂದ ಮುಂದಿನ ನಾಲ್ಕು ದಶಕಗಳ ವಿವರ ಇಲ್ಲಿ ಬೇಕಿಲ್ಲ. 2008ರ ಬೀಜಿಂಗ್‌ಗೆ ತಂಡ ಅರ್ಹತೆಯನ್ನೇ ಪಡೆಯಲಿಲ್ಲ, 2012ರ ಲಂಡನ್‌ನಲ್ಲಿ ಎಲ್ಲ ಪಂದ್ಯಗಳನ್ನೂ ಸೋತು 12ನೆಯದಾಗಿ, ಅಂದರೆ ಕಟ್ಟಕಡೆಯದಾಗಿ ಮರಳಿತು ಎಂದರೆ ಸಾಕು.

ಲಂಡನ್‌ಗೆ ಹೋದ ಆ ತಂಡದಲ್ಲಿ ಎರ್ನಾಕುಳಂ ಜಿಲ್ಲೆಯ ಪಿ.ಆರ್. ಶ್ರೀಜೇಶ್ ಇದ್ದರು. ಕಿಳಕ್ಕಂಬಲಂ ಅವರ ಊರು. ಕೊಚ್ಚಿಯ ಸುತ್ತಲಿನ ಈ ಪ್ರದೇಶದಲ್ಲಿ ಜನ ಸಾಗರವಾಗಿ ನೆರೆಯುವುದು ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಕಾಲ್ಚೆಂಡು ಪಂದ್ಯಗಳಿಗೆ. ಹಾಕಿಯ ಕೋಲು ಹಿಡಿದ ಹುಡುಗರು ಅಲ್ಲಿ ವಿರಳ. ಶ್ರೀಜೇಶ್ ಕೂಡ ಬಾಲ್ಯದಲ್ಲಿ ಓಟ, ಉದ್ದಜಿಗಿತ, ವಾಲಿಬಾಲ್ ಎಂದು ತಿರುಗಿದವರೇ. ಹನ್ನೆರಡನೆಯ ವಯಸ್ಸಿನಲ್ಲಿ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಗೆ ಸೇರಿದ ಮೇಲೆ ಅಲ್ಲಿನ ತರಬೇತುದಾರರ ಸಲಹೆಯಂತೆ ಅವರು ಹಾಕಿಯ ಗೋಲ್‌ಕೀಪರ್ ಆದರು. ಕೇರಳ ಕ್ರೀಡಾ ಮಂಡಳಿಯನ್ನು ಕಟ್ಟಿದ ಕರ್ನಲ್ ಗೋದವರ್ಮ ರಾಜಾ ಅವರ ಹೆಸರು ಹೊತ್ತ ಈ ವಸತಿ ಶಾಲೆ ನಗರದ ಹೊರವಲಯದ ಮೈಲಂನಲ್ಲಿದ್ದು, ಓದು ಮತ್ತು ತರಬೇತಿಯನ್ನು ಒಂದೇ ಆವರಣದಲ್ಲಿ ಕೊಡುತ್ತದೆ. ಗೋಲ್‌ಕೀಪರ್‌ಗೆ ಬೇಕಾದ ಸಲಕರಣೆಗಳು ಒಂದು ಸಾಮಾನ್ಯ ರೈತ ಕುಟುಂಬದ ಕೈಗೆಟುಕುವಂಥವಲ್ಲ. ಮಗನಿಗೆ ಅವುಗಳನ್ನು ಕೊಡಿಸಲು ತಂದೆ ಮನೆಯ ಹಸುವನ್ನು ಮಾರಿದರೆಂಬುದನ್ನು ಶ್ರೀಜೇಶ್ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಕೊಡಗಿನೊಂದಿಗೆ ಹೋಲಿಸಿದರೆ ಈ ಹಿನ್ನೆಲೆಯ ವಿಶೇಷ ಸ್ಪಷ್ಟವಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡವಾಗಿ ಆಡುತ್ತದೆ. ಅಲ್ಲಿ ಆಟ ಮನೆಯಿಂದಲೇ ಬರುತ್ತದೆ. ಕೇರಳದಲ್ಲಿ ಅದು ಬಂದದ್ದು ಸಂಸ್ಥೆಗಳಿಂದ: ಫ್ರೆಡರಿಕ್ ಅವರಿಗೆ ಸೈನ್ಯ, ಶ್ರೀಜೇಶ್ ಅವರಿಗೆ ಸರ್ಕಾರಿ ಕ್ರೀಡಾ ಶಾಲೆ. ಸಂಪ್ರದಾಯವಿಲ್ಲದ ನೆಲದಿಂದ ಒಬ್ಬ ಮುನ್ನಡೆ ಆಟಗಾರನನ್ನು ರೂಪಿಸುವುದು ಬಹಳ ಕಷ್ಟ, ಏಕೆಂದರೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಓಡುವ ಕೌಶಲ ಎಳವೆಯಲ್ಲೇ ಮೈಗೂಡಬೇಕು. ಗೋಲ್‌ಕೀಪರನ ಕೆಲಸಕ್ಕೆ ಬೇಕಾದ ನೆಗೆತ, ಕೈಕಾಲುಗಳ ಚುರುಕು ಮತ್ತು ಧೈರ್ಯವನ್ನು ಬೇರೆ ಆಟಗಳಿಂದ ತರಬಹುದು. ಉದ್ದಜಿಗಿತ ಮತ್ತು ವಾಲಿಬಾಲ್ ಆಡಿದ್ದ ಎತ್ತರದ ಹುಡುಗನನ್ನು ಗೋಲಿನ ಮುಂದೆ ನಿಲ್ಲಿಸಿದ ತಿರುವನಂತಪುರದ ತರಬೇತುದಾರರ ನಿರ್ಧಾರದಲ್ಲಿ ಈ ವಿವೇಕ ಕಾಣುತ್ತದೆ.

ರಾಷ್ಟ್ರೀಯ ಶಿಬಿರ ಸೇರಿದ ಮಲಯಾಳಿ ಹುಡುಗನಿಗೆ ಮೊದಲ ತೊಡಕಾದದ್ದು ಭಾಷೆ. ಇಡೀ ಮೈದಾನವನ್ನು ಎದುರಿಗೆ ಕಾಣುವವನು ಗೋಲ್‌ಕೀಪರ್ ಒಬ್ಬನೇ ಆದ್ದರಿಂದ ರಕ್ಷಣಾ ಆಟಗಾರರನ್ನು ಎಡಕ್ಕೆ ಬಲಕ್ಕೆ ಸರಿಸುವ ಕೂಗು ಅವನದೇ ಆಗಿರಬೇಕು, ಮತ್ತು ಆ ಕೂಗು ಪಂಜಾಬ್, ಒಡಿಶಾಗಳಿಂದ ಬಂದವರಿಗೆ ಅರ್ಧ ಕ್ಷಣದಲ್ಲಿ ಅರ್ಥವಾಗಬೇಕು. ಶ್ರೀಜೇಶ್ ಹಿಂದಿಯನ್ನು ಕಲಿತದ್ದು ಹೀಗೆ. ಅವರ ಆಟದ ದಿನಗಳಲ್ಲಿ ದೂರದರ್ಶನದ ಪ್ರಸಾರಗಳಲ್ಲೂ ಕೇಳಿಬರುತ್ತಿದ್ದ ಆ ನಿರಂತರ ಕೂಗಾಟ ತಂಡದ ರಕ್ಷಣೆಯ ಅವಿಭಾಜ್ಯ ಅಂಗವಾಗಿತ್ತು.

ಸಮಬಲದ ಪಂದ್ಯಗಳನ್ನು ಇತ್ಯರ್ಥಗೊಳಿಸುವ ವಿಧಾನ ಇದೇ ಅವಧಿಯಲ್ಲಿ ಬದಲಾದದ್ದು ಗೋಲ್‌ಕೀಪರನ ಪಾತ್ರವನ್ನು ಇನ್ನಷ್ಟು ಹಿಗ್ಗಿಸಿತು. ಹಿಂದೆ 6.4 ಮೀಟರ್ ದೂರದಿಂದ ನಿಂತ ಚೆಂಡನ್ನು ತಳ್ಳುವ ಪೆನಾಲ್ಟಿ ಸ್ಟ್ರೋಕ್‌ಗಳ ಮೂಲಕ ವಿಜೇತರನ್ನು ನಿರ್ಧರಿಸಲಾಗುತ್ತಿತ್ತು. ಅಲ್ಲಿ ಗೋಲ್‌ಕೀಪರ್ ಹೆಚ್ಚಾಗಿ ಊಹೆಯನ್ನೇ ನೆಚ್ಚಬೇಕು. ಈಗಿನ ಶೂಟೌಟ್‌ನಲ್ಲಿ ದಾಳಿಕಾರ 23 ಮೀಟರ್ ಗೆರೆಯಿಂದ ಚೆಂಡಿನೊಂದಿಗೆ ಓಡಿಬಂದು 8 ಸೆಕೆಂಡುಗಳೊಳಗೆ ಗೋಲು ಹೊಡೆಯಬೇಕು, ಗೋಲ್‌ಕೀಪರ್ ಮುಂದೆ ನುಗ್ಗಿ ಅವನ ದಾರಿಯನ್ನು ಕಿರಿದಾಗಿಸಬಹುದು, ಕಾಲವನ್ನು ತಿನ್ನಬಹುದು. 2011ರಲ್ಲಿ ಚೀನಾದ ಓರ್ಡೋಸ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಫೈನಲ್‌ನಲ್ಲಿ ಪಾಕಿಸ್ತಾನದ ಎರಡು ಸ್ಟ್ರೋಕ್‌ಗಳನ್ನು ತಡೆದ ಶ್ರೀಜೇಶ್, 2014ರ ಅಕ್ಟೋಬರ್ 2ರಂದು ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅದೇ ಎದುರಾಳಿಯ ಎರಡು ಯತ್ನಗಳನ್ನು ಹೊಸ ಮಾದರಿಯ ಶೂಟೌಟ್‌ನಲ್ಲಿ ತಡೆದು 4–2ರ ಗೆಲುವು ತಂದರು. ರಘುನಾಥ್, ಸುನಿಲ್, ನಿಕ್ಕಿನ್ ತಿಮ್ಮಯ್ಯ ಅವರಂಥ ಕೊಡಗಿನ ಆಟಗಾರರೂ ಇದ್ದ ಆ ತಂಡ 16 ವರ್ಷಗಳ ಬಳಿಕ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದು ರಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆ ಗಳಿಸಿತು.

ಮರುವರ್ಷ ಡಿಸೆಂಬರ್‌ನಲ್ಲಿ ರಾಯಪುರದ ವಿಶ್ವ ಲೀಗ್ ಫೈನಲ್ಸ್‌ನಲ್ಲಿ ಕಂಚಿನ ಪಂದ್ಯದ ಹೊಸ ಪರಂಪರೆ ಶುರುವಾಯಿತು ಎನ್ನಬಹುದು. ನೆದರ್ಲೆಂಡ್ಸ್ ವಿರುದ್ಧ 5–5ರಲ್ಲಿ ನಿಂತ ಆ ಪಂದ್ಯವನ್ನು ಭಾರತ ಶೂಟೌಟ್‌ನಲ್ಲಿ 3–2ರಿಂದ ಗೆದ್ದಾಗ, ಜಾಗತಿಕ ಮಟ್ಟದ ಟೂರ್ನಿಯಲ್ಲಿ ಪದಕಕ್ಕಾಗಿ ಕಾದ 33 ವರ್ಷಗಳು ಕೊನೆಗೊಂಡವು. ಆದರೆ ಶೂಟೌಟ್ ಯಾವಾಗಲೂ ಒಲಿಯುವ ದೈವವಲ್ಲ. 2016 ಮತ್ತು 2018ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ಗಳೆರಡನ್ನೂ ಭಾರತ ಆಸ್ಟ್ರೇಲಿಯಾಕ್ಕೆ ಶೂಟೌಟ್‌ನಲ್ಲೇ ಬಿಟ್ಟುಕೊಟ್ಟಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಮಲೇಷ್ಯಾಕ್ಕೆ 6–7ರಿಂದ ಎಡವಿ, ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಕಂಚಿಗೆ ತೃಪ್ತಿಪಟ್ಟಿತು. ನಡುವೆ 2017ರಲ್ಲಿ ಮೊಣಕಾಲಿಗೆ ತೀವ್ರ ಗಾಯವಾಗಿ ಶ್ರೀಜೇಶ್ ಹಲವು ತಿಂಗಳು ಮೈದಾನದಿಂದ ದೂರವಿದ್ದರು.

ಟೋಕಿಯೊ ಕ್ರೀಡಾಕೂಟವನ್ನು ಸಾಂಕ್ರಾಮಿಕ ರೋಗ ಒಂದು ವರ್ಷ ಮುಂದೂಡಿದಾಗ ತಂಡ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿತ್ತು. 2020ರ ಲಾಕ್‌ಡೌನ್‌ನ ತಿಂಗಳುಗಳನ್ನು ಆಟಗಾರರು ಅಲ್ಲೇ, ಮನೆಯವರಿಂದ ದೂರವಾಗಿ ಕಳೆದರು. ಆಸ್ಟ್ರೇಲಿಯಾದ ಗ್ರಹಾಂ ರೀಡ್ ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನ ಟರ್ಫ್ ಮೇಲೆ ಪಳಗಿದ ಈ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇಲ್ಲದೆ ಹೋದದ್ದು ಕನ್ನಡಿಗರಿಗೆ ನೋವಿನ ಸಂಗತಿಯೇ.

ಗುಂಪು ಹಂತದಲ್ಲಿ ಆಸ್ಟ್ರೇಲಿಯಾಕ್ಕೆ 1–7ರಿಂದ ಶರಣಾದರೂ ಉಳಿದ ನಾಲ್ಕು ಪಂದ್ಯಗಳನ್ನು ಗೆದ್ದ ತಂಡ, ಎಂಟರ ಘಟ್ಟದಲ್ಲಿ ಗ್ರೇಟ್ ಬ್ರಿಟನ್ ತಂಡವನ್ನು 3–1ರಿಂದ ಸೋಲಿಸಿ, ಸೆಮಿಫೈನಲ್‌ನಲ್ಲಿ ಬೆಲ್ಜಿಯಂಗೆ 2–5ರಿಂದ ಮಣಿಯಿತು. 2021ರ ಆಗಸ್ಟ್ 5ರ ಬೆಳಿಗ್ಗೆ ಓಯಿ ಕ್ರೀಡಾಂಗಣದಲ್ಲಿ ಜರ್ಮನಿಯ ಎದುರು ಆಡಿದ ಕಂಚಿನ ಪಂದ್ಯ ಎರಡನೆಯ ನಿಮಿಷದಲ್ಲೇ ಕೈಜಾರುವಂತೆ ಕಂಡಿತು, ಟಿಮುರ್ ಓರುಜ್ ಗೋಲು ಹೊಡೆದರು. ಸಿಮ್ರನ್‌ಜೀತ್ ಸಿಂಗ್ ಸಮಗೊಳಿಸಿದರೂ 24 ಮತ್ತು 25ನೆಯ ನಿಮಿಷಗಳಲ್ಲಿ ಜರ್ಮನಿ ಬೆನ್ನುಬೆನ್ನಿಗೆ ಎರಡು ಗೋಲು ಗಳಿಸಿ 3–1ರ ಮುನ್ನಡೆ ಪಡೆಯಿತು. ಇಂಥ ಸ್ಥಿತಿಯಲ್ಲಿ ಕುಸಿದುಬೀಳುವುದು ಹಿಂದಿನ ಭಾರತೀಯ ತಂಡಗಳ ಚಾಳಿಯಾಗಿತ್ತು. ಈ ತಂಡ 27ರಿಂದ 34ನೆಯ ನಿಮಿಷದವರೆಗಿನ ಅವಧಿಯಲ್ಲಿ ಹಾರ್ದಿಕ್ ಸಿಂಗ್, ಹರ್ಮನ್‌ಪ್ರೀತ್ ಸಿಂಗ್, ರೂಪಿಂದರ್ ಪಾಲ್ ಸಿಂಗ್ ಮತ್ತೆ ಸಿಮ್ರನ್‌ಜೀತ್ ಅವರ ಮೂಲಕ ನಾಲ್ಕು ಗೋಲು ಹೊಡೆದು 5–3ಕ್ಕೆ ಏರಿತು. 48ನೆಯ ನಿಮಿಷದಲ್ಲಿ ಲುಕಾಸ್ ವಿಂಡ್‌ಫೆಡರ್ ಅಂತರವನ್ನು ಒಂದಕ್ಕಿಳಿಸಿದ ಮೇಲೆ ಉಳಿದದ್ದು ಕಾವಲಿನ ಕೆಲಸ.

ಆಟ ಮುಗಿಯಲು 6.8 ಸೆಕೆಂಡುಗಳಿದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ರಕ್ಷಕರ ತಪ್ಪಿಗೆ ವಿಧಿಸುವ ಈ ಶಿಕ್ಷೆಯಲ್ಲಿ ದಾಳಿಯವರು ಹಿಂಗೆರೆಯಿಂದ ಚೆಂಡನ್ನು ವೃತ್ತದ ಅಂಚಿಗೆ ತಳ್ಳುತ್ತಾರೆ, ಅಲ್ಲಿ ನಿಂತವನು ಅದನ್ನು ಡ್ರ್ಯಾಗ್ ಫ್ಲಿಕ್ ಮೂಲಕ, ಅಂದರೆ ಕೋಲಿನ ಬಾಗಿಗೆ ಸಿಕ್ಕಿಸಿ ಎಳೆದು ಕವಣೆಯಂತೆ ಎಸೆಯುತ್ತಾನೆ. ತಡೆಯಲು ಗೋಲ್‌ಕೀಪರ್ ಮತ್ತು ನಾಲ್ವರಿಗೆ ಮಾತ್ರ ಅವಕಾಶ. ಆ ನಾಲ್ವರಲ್ಲಿ ಚೆಂಡು ತಳ್ಳಿದ ಕ್ಷಣವೇ ಫ್ಲಿಕ್ ಹೊಡೆಯುವವನತ್ತ ಎದೆಗೊಟ್ಟು ಓಡುವವನನ್ನು ರಶ್ಶರ್ ಎನ್ನುತ್ತಾರೆ, ಭಾರತಕ್ಕೆ ಆ ಅಪಾಯದ ಕೆಲಸ ಒಡಿಶಾದ ಅಮಿತ್ ರೋಹಿದಾಸ್ ಅವರದು. ಅವಧಿ ಮುಗಿದರೂ ಕಾರ್ನರ್ ಪೂರ್ಣಗೊಳ್ಳುವವರೆಗೆ ಆಟ ಮುಗಿಯದೆಂಬುದು ನಿಯಮ; ಚೆಂಡು ಗೋಲಿನೊಳಕ್ಕೆ ಹೋಗಿದ್ದರೆ ಪಂದ್ಯ ಶೂಟೌಟ್‌ಗೆ ಹೊರಳುತ್ತಿತ್ತು. ವಿಂಡ್‌ಫೆಡರ್ ಅವರ ಫ್ಲಿಕ್ ಶ್ರೀಜೇಶ್ ಅವರಿಗೆ ತಗುಲಿ ಹೊರಚಿಮ್ಮಿತು. 41 ವರ್ಷಗಳ ಬರ ಮುಗಿದದ್ದು ಈ ತಡೆಯಿಂದ. ಆಮೇಲೆ ಶ್ರೀಜೇಶ್ ಗೋಲುಕಂಬವನ್ನೇರಿ ಅಡ್ಡಪಟ್ಟಿಯ ಮೇಲೆ ಕುಳಿತ ಚಿತ್ರ ದೇಶದ ಪತ್ರಿಕೆಗಳನ್ನೆಲ್ಲ ತುಂಬಿತು. ಮ್ಯೂನಿಕ್‌ನಲ್ಲಿ ದೇಶಕ್ಕೆ ಬೇಡವಾಗಿದ್ದ ಕಂಚು ಟೋಕಿಯೊದಲ್ಲಿ ಹಬ್ಬವಾಯಿತು. ಆ ವರ್ಷವೇ ಶ್ರೀಜೇಶ್ ಅವರಿಗೆ ಖೇಲ್ ರತ್ನ ಪ್ರಶಸ್ತಿ ಬಂತು.

2024ರ ಪ್ಯಾರಿಸ್ ತನ್ನ ಕೊನೆಯ ಕೂಟವೆಂದು ಶ್ರೀಜೇಶ್ ಮೊದಲೇ ಸಾರಿದ್ದರಿಂದ ಅಲ್ಲಿನ ಪ್ರತಿ ನಾಕೌಟ್ ಪಂದ್ಯವೂ ಅವರ ಕಡೆಯ ಪಂದ್ಯವಾಗಬಹುದಿತ್ತು. 1972ರ ನಂತರ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಆಸ್ಟ್ರೇಲಿಯಾವನ್ನು 3–2ರಿಂದ ಮಣಿಸಿ ಎಂಟರ ಘಟ್ಟಕ್ಕೆ ಬಂದ ಭಾರತ, ಆಗಸ್ಟ್ 4ರಂದು ಕೊಲೊಂಬ್‌ನ ಈವ್ ದು ಮನ್ವಾರ್ ಕ್ರೀಡಾಂಗಣದಲ್ಲಿ ಮತ್ತೆ ಗ್ರೇಟ್ ಬ್ರಿಟನ್ ತಂಡವನ್ನು ಎದುರಿಸಿತು. 17ನೆಯ ನಿಮಿಷದಲ್ಲಿ ರೋಹಿದಾಸ್ ಅವರ ಕೋಲು ವಿಲ್ ಕ್ಯಾಲ್ನನ್ ಅವರ ತಲೆಗೆ ತಗುಲಿದ್ದಕ್ಕೆ ಕೆಂಪು ಕಾರ್ಡ್ ಬಂತು. ಕೆಂಪು ಕಾರ್ಡ್ ಎಂದರೆ ಆ ಆಟಗಾರ ಹೊರಹೋಗಬೇಕು, ಅವನ ಜಾಗಕ್ಕೆ ಬೇರೊಬ್ಬ ಬರುವಂತಿಲ್ಲ. ಇನ್ನುಳಿದ 40ಕ್ಕೂ ಹೆಚ್ಚು ನಿಮಿಷಗಳನ್ನು ಹತ್ತು ಜನರಲ್ಲಿ, ಅದೂ ಮುಖ್ಯ ರಶ್ಶರ್ ಇಲ್ಲದೆ, ಆಡಬೇಕಾಯಿತು. ಮಧ್ಯಪಂಕ್ತಿಯ ಮನ್‌ಪ್ರೀತ್ ಸಿಂಗ್ ಹಿಂದೆ ಸರಿದು ರಕ್ಷಣೆಯ ಬಿರುಕನ್ನು ಮುಚ್ಚಿದರು. 22ನೆಯ ನಿಮಿಷದಲ್ಲಿ ಹರ್ಮನ್‌ಪ್ರೀತ್ ಗೋಲು ಹೊಡೆದರು, 27ನೆಯ ನಿಮಿಷದಲ್ಲಿ ಲೀ ಮಾರ್ಟನ್ ಸಮಗೊಳಿಸಿದರು. ಆ ಮೇಲೆ ಬ್ರಿಟನ್ ಅಲೆಯ ಮೇಲೆ ಅಲೆಯಾಗಿ ನುಗ್ಗಿದರೂ ಅಂಕ ಕದಲಲಿಲ್ಲ. ಟೋಕಿಯೊದ ಕೊನೆಯ ಕ್ಷಣಗಳೇ ಶ್ರೀಜೇಶ್ ಅವರ ಗುರುತಾಗಿ ಉಳಿದಿವೆಯಾದರೂ, ಅವರ ಇಡೀ ಆಟದ ಬದುಕಿನ ಶ್ರೇಷ್ಠ ದಿನ ಕೊಲೊಂಬ್‌ನ ಈ ದಿನವೇ ಎಂದು ಧೈರ್ಯವಾಗಿ ಹೇಳಬಹುದು.

ಶೂಟೌಟ್‌ನಲ್ಲಿ ಬ್ರಿಟನ್‌ನ ಮೊದಲ ಇಬ್ಬರು, ಆಲ್ಬರಿ ಮತ್ತು ವಾಲೆಸ್, ಗೋಲು ಗಳಿಸಿದರು. ಭಾರತದ ಹರ್ಮನ್‌ಪ್ರೀತ್ ಮತ್ತು ಸುಖ್‌ಜೀತ್ ಸಿಂಗ್ ಕೂಡ ತಪ್ಪಲಿಲ್ಲ. ಮೂರನೆಯವರಾಗಿ ಬಂದ ಕಾನರ್ ವಿಲಿಯಂಸನ್ ಎದುರು ಶ್ರೀಜೇಶ್ ಮುಂದೊತ್ತಿ ಬಂದು ಕೋನವನ್ನು ಮುಚ್ಚಿದಾಗ ಅವರು ಚೆಂಡನ್ನು ಗೋಲಿನ ಮೇಲಿನಿಂದ ಹಾರಿಸಿದರು. ಲಲಿತ್ ಉಪಾಧ್ಯಾಯ ಗೋಲು ಹೊಡೆದ ಬಳಿಕ ಬಂದ ಫಿಲ್ ರೋಪರ್ ಅವರ ಯತ್ನವನ್ನು ಶ್ರೀಜೇಶ್ ನೇರವಾಗಿ ತಡೆದರು, ರಾಜ್‌ಕುಮಾರ್ ಪಾಲ್ ಕೊನೆಯ ಗೋಲು ಹೊಡೆದು 4–2ರಿಂದ ಲೆಕ್ಕ ಮುಗಿಸಿದರು. ವಿಲಿಯಂಸನ್ ಅವರ ಯತ್ನ ದಾಖಲೆಯಲ್ಲಿ ಗುರಿತಪ್ಪಿದ ಹೊಡೆತವೆಂದಷ್ಟೇ ಉಳಿಯುತ್ತದೆ. ಗುರಿ ತಪ್ಪಿಸಿದವರ ಹೆಸರಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಗೋಲ್‌ಕೀಪರ್ ಮಾಡುವ ಕೆಲಸದ ಅರ್ಧದಷ್ಟು ಹೀಗೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ನಿಷೇಧಕ್ಕೊಳಗಾದ ರೋಹಿದಾಸ್ ಇಲ್ಲದೆ ಆಡಿದ ಸೆಮಿಫೈನಲ್‌ನಲ್ಲಿ ಜರ್ಮನಿ 54ನೆಯ ನಿಮಿಷದಲ್ಲಿ ಮಾರ್ಕೊ ಮಿಲ್ಟ್‌ಕಾವ್ ಹೊಡೆದ ಗೋಲಿನಿಂದ 3–2ರಲ್ಲಿ ಗೆದ್ದಿತು. ಕೊನೆಯ ನಿಮಿಷಗಳಲ್ಲಿ ಭಾರತ ಗೋಲ್‌ಕೀಪರನ್ನು ಹೊರಕರೆದು, ಗೋಲನ್ನು ಬರಿದಾಗಿ ಬಿಟ್ಟು, ಹೆಚ್ಚಿನ ದಾಳಿಕಾರನೊಬ್ಬನನ್ನು ಇಳಿಸುವ ಪಣವನ್ನೂ ಒಡ್ಡಿ ನೋಡಿತು, ಫಲಿಸಲಿಲ್ಲ. ಹೀಗಾಗಿ ಆಗಸ್ಟ್ 8ರಂದು ಮತ್ತೊಂದು ಕಂಚಿನ ಪಂದ್ಯ, ಎದುರಾಳಿ ಸ್ಪೇನ್. 18ನೆಯ ನಿಮಿಷದಲ್ಲಿ ಮಾರ್ಕ್ ಮಿರಾಯೆಸ್ ಅವರ ಸ್ಟ್ರೋಕ್‌ನಿಂದ ಹಿಂದೆ ಬಿದ್ದ ಭಾರತಕ್ಕೆ ಹರ್ಮನ್‌ಪ್ರೀತ್ 30 ಮತ್ತು 33ನೆಯ ನಿಮಿಷಗಳಲ್ಲಿ ಎರಡು ಪೆನಾಲ್ಟಿ ಕಾರ್ನರ್‌ಗಳನ್ನು ಗೋಲಾಗಿಸಿ 2–1ರ ಮುನ್ನಡೆ ಕೊಟ್ಟರು. ಅಂತಿಮ ನಿಮಿಷದಲ್ಲಿ ಸ್ಪೇನ್‌ಗೆ ಕಾರ್ನರ್ ಸಿಕ್ಕಿತು, ಶ್ರೀಜೇಶ್ ಅದನ್ನೂ ತಡೆದರು. 1968 ಮತ್ತು 1972ರ ನಂತರ ಭಾರತ ಸತತ ಎರಡು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದದ್ದು ಅದೇ ಮೊದಲು. ಸಮಾರೋಪದಲ್ಲಿ ಶ್ರೀಜೇಶ್ ಶೂಟಿಂಗ್ ಸ್ಪರ್ಧಿ ಮನು ಭಾಕರ್ ಜೊತೆ ರಾಷ್ಟ್ರಧ್ವಜ ಹಿಡಿದು ನಡೆದರು.

ಹಾಕಿ ಇಂಡಿಯಾ ಅವರ 16ನೆಯ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸಿ, ಕಿರಿಯರ ತಂಡದಲ್ಲಿ ಮಾತ್ರ ಆ ಸಂಖ್ಯೆಯನ್ನು ಉಳಿಸಿಕೊಂಡಿತು. ಕಿರಿಯರ ತರಬೇತಿಯ ಹೊಣೆಯನ್ನು ಅವರಿಗೇ ವಹಿಸಿತು. ಕೇರಳಕ್ಕೆ ಈ ನಿರ್ಧಾರದಿಂದ ಆಗುವ ಲಾಭ ಇನ್ನೂ ಸ್ಪಷ್ಟವಿಲ್ಲ. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೊಲ್ಲಂನಲ್ಲಿ ಟರ್ಫ್ ಮೈದಾನ ಬಂದಿದೆ, ಮೈಲಂನ ಶಾಲೆ ಎಂದಿನಂತೆ ನಡೆಯುತ್ತಿದೆ. ಆದರೆ ಒಬ್ಬ ಫ್ರೆಡರಿಕ್ ಮತ್ತು ಒಬ್ಬ ಶ್ರೀಜೇಶ್ ನಡುವೆ ಸಂದ ಕಾಲವನ್ನು ನೋಡಿದರೆ, ಎರಡು ಸಂಸ್ಥೆಗಳ ಬಲದ ಮೇಲೆ ಮಾತ್ರ ಮೂರನೆಯವನನ್ನು ಬೇಗ ನಿರೀಕ್ಷಿಸುವುದು ಕಷ್ಟ. ಹಾಕಿ ಕೋಲು ಕೊಚ್ಚಿಯ ಶಾಲಾ ಅಂಗಳಗಳಿಗೆ ಇಳಿಯಬೇಕಿದೆ.

2025ರ ನವೆಂಬರ್–ಡಿಸೆಂಬರ್‌ನಲ್ಲಿ ತಮಿಳುನಾಡಿನಲ್ಲಿ ನಡೆದ ಕಿರಿಯರ ವಿಶ್ವಕಪ್‌ನಲ್ಲಿ ಶ್ರೀಜೇಶ್ ಪಳಗಿಸಿದ ತಂಡ ಎಂಟರ ಘಟ್ಟದಲ್ಲಿ ಬೆಲ್ಜಿಯಂ ವಿರುದ್ಧ ಶೂಟೌಟ್‌ನಲ್ಲಿ ಗೆದ್ದು, ಸೆಮಿಫೈನಲ್‌ನಲ್ಲಿ ಜರ್ಮನಿಗೆ 1–5ರಿಂದ ಸೋತು, ಕಂಚಿನ ಪಂದ್ಯಕ್ಕೇ ಬಂದು ನಿಂತಿತು. ಚೆನ್ನೈನಲ್ಲಿ ಡಿಸೆಂಬರ್ 10ರಂದು ಅರ್ಜೆಂಟೀನಾ ವಿರುದ್ಧ ಮೂರು ಕ್ವಾರ್ಟರ್ ಮುಗಿದಾಗ 0–2ರಿಂದ ಹಿಂದಿದ್ದ ಹುಡುಗರು ಕೊನೆಯ ಕ್ವಾರ್ಟರ್‌ನಲ್ಲಿ ನಾಲ್ಕು ಗೋಲು ಹೊಡೆದು 4–2ರಿಂದ ಗೆದ್ದರು.